ಬಾವಿಯೊಳಗ ಕೇಳಿದ ಸಪ್ಪಳ

ಹೋದ ವಾರ ನನ್ನ ತಮ್ಮನ ಮೊಮ್ಮಗಳು ಬಂದಿದ್ದಳು. ಎಡಗೈಯ ಉಂಗುರ ಬೆರಳಿನ ಬುಡಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು. ಈ ಹುಡುಗಿಗೆ ರಜೆ ಬಂತೆಂದರೆ ಗೋಡೆ ಹತ್ತುವ ಹುಚ್ಚು. ಎತ್ತರದ ಗೋಡೆಗೆ ಬಣ್ಣಬಣ್ಣದ ಗುಬುಟುಗಳನ್ನು ಕೂಡಿಸಿರುತ್ತಾರಂತೆ, ಅವನ್ನು ಬೆರಳ ತುದಿಯಲ್ಲಿ ಹಿಡಿದು ಹಲ್ಲಿಯ ಹಾಗೆ ಮೇಲೆ ಹೋಗುವುದಂತೆ.

“ಏನಾತು ಬೆರಳಿಗೆ?” ಅಂದೆ.

“ಪುಲ್ಲಿ ಹೋತು ಅಜ್ಜಿ. ಕಾಲು ಜಾರ್ತು, ಪೂರಾ ವೇಟ್ ಎರಡು ಬೆರಳ ಮ್ಯಾಲೆ ಬಿತ್ತು, ಟಪ್ ಅಂತು. ಕೆಳಗ ನಿಂತವರಿಗೂ ಕೇಳಿಸ್ತು.”

ನನ್ನ ಕೈಯಲ್ಲಿ ಚಹಾದ ಕಪ್ಪು ಇತ್ತು. ಕೆಳಗಿಟ್ಟೆ.

“ಕೆಳಗ ನಿಂತವರಿಗೆ ಕೇಳಿಸ್ತು? ಖರೇನ?”

“ಖರೇನ ಅಜ್ಜಿ. ಕ್ಲೈಂಬರ್ಸ್‌ಗೆ ಇದು ಭಾಳ ಕಾಮನ್ ಅಂತ ಡಾಕ್ಟರ್ ಅಂದ್ರು. ಸಪ್ಪಳಾತು ಅಂದಕೂಡ್ಲೇ ಅವರಿಗೆ ಗೊತ್ತಾತು.”

ಅದನ್ನೇ ನಾನು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅವಳು ನನ್ನನ್ನು ಒಂದು ನಮೂನಿ ನೋಡಿದಳು, ಮುದುಕಿಗೆ ಮರೆವು ಹತ್ತಿತೇನೋ ಎಂಬಂತೆ. ಮರೆವಲ್ಲ. ಆ ಸಪ್ಪಳವನ್ನು ನಾನೂ ಕೇಳಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ, ಹಾನಗಲ್ಲಿನ ನಮ್ಮ ಅತ್ತೆಮನೆಯ ಹಿತ್ತಲ ಬಾವಿಯೊಳಗಿಂದ. ಅದು ಏನೆಂದು ಆ ಊರಿನಲ್ಲಿ ಯಾರಿಗಾದರೂ ಗೊತ್ತಾಗಬೇಕಿದ್ದರೆ ನನಗೊಬ್ಬಳಿಗೇ ಗೊತ್ತಾಗಬೇಕಿತ್ತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಆಮೇಲೆ ಮುಂಬಯಿಯಲ್ಲಿ ಫಿಜಿಯೋಥೆರಪಿ ಓದಿ, ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಎಂಟು ತಿಂಗಳು ಕೆಲಸ ಮಾಡಿದೆ. ಗಿರಣಿಯ ಯಂತ್ರಕ್ಕೆ ಸಿಕ್ಕ ಕೈಗಳು, ಕೊಯಿತದಿಂದ ಕೊಯ್ದುಕೊಂಡ ಬೆರಳುಗಳು, ಇವೇ ನನ್ನ ಪೇಶಂಟುಗಳು. ಅಷ್ಟರಲ್ಲಿ ಮದುವೆಯಾಯಿತು. ನಮ್ಮವರು ಹಾನಗಲ್ಲಿನಲ್ಲಿ ಹೈಸ್ಕೂಲ್ ಮಾಸ್ತರು. ಮನೆತನ ಶಾಸ್ತ್ರ ಓದಿದ ವೈಷ್ಣವರದು. ಮಾವನವರು ಪುಸ್ತಕದ ಗಂಟು ಬಿಟ್ಟು ಏಳುವವರಲ್ಲ, ಮನೆಯ ಯಜಮಾನಿಕೆಯೆಲ್ಲ ಅತ್ತೆಯವರದು. ನನ್ನ ಅನಾಟಮಿ ಪುಸ್ತಕ ಟ್ರಂಕಿನ ತಳಕ್ಕೆ ಹೋಯಿತು. ಅದರಲ್ಲಿ ಎಲುಬಿನ ಚಿತ್ರಗಳಿವೆ, ದೇವರ ಮನೆಯ ಬಾಜೂಕಿನ ಕೋಣೆಯಲ್ಲಿ ಇಡಬಾರದು ಎಂದು.

ಮದುವೆಯಲ್ಲಿ ಅತ್ತೆಯವರು ನನಗೊಂದು ಮುತ್ತಿನ ನತ್ತು ಕೊಟ್ಟಿದ್ದರು. ಅವರ ಅತ್ತೆ ಅವರಿಗೆ ಕೊಟ್ಟದ್ದು. ಅದನ್ನು ಇಟ್ಟುಕೊಂಡರೆ ನನ್ನ ಮೂಗು ಕೆಂಪಾಗಿ ಬಾಯುತ್ತಿತ್ತು.

“ಮುಂಬಯಿ ಮೂಗು ನೋಡವಾ ಅದು,” ಎಂದು ಅತ್ತೆಯವರು ಬಂದವರ ಮುಂದೆ ಅನ್ನುವರು. “ಬಂಗಾರ ಕಂಡ್ರ ಅಳತದ.”

ಒಂದು ಬೇಸಿಗೆಯ ಮುಂಜಾನೆ. ದೇವರ ಮನೆಯ ಬೆಳ್ಳಿಯ ಕುಂಕುಮದ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಣಗಲೆಂದು ಬಾವಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಚಪ್ಪಟೆಯ ಗುಂಡನೆಯ ಡಬ್ಬಿ. ಮುಚ್ಚಳ ಬಲು ಬಿಗಿ. ತೆಗೆದರೂ ಟಪ್, ಹಾಕಿದರೂ ಟಪ್. ಮುಂಜಾನೆ ಆ ಸಪ್ಪಳ ಕೇಳಿದರೆ ಅತ್ತೆಯವರ ಪೂಜೆ ಮುಗಿಯಿತೆಂದು ಮನೆಗೆಲ್ಲ ಗೊತ್ತು. ಅವತ್ತು ಮೂಗು ನೋಯುತ್ತಿತ್ತು. ನತ್ತು ಬಿಚ್ಚಿ ಆ ಡಬ್ಬಿಯೊಳಗೆ ಹಾಕಿ ಮುಚ್ಚಿದೆ. ಹಾಗೆಂದೇ ಇವತ್ತಿಗೂ ನನ್ನ ನೆನಪು. ಕೊಡ ಸೇದುವಾಗ ಹಗ್ಗದ ಬಾಲ ಕಟ್ಟೆಯ ಮೇಲೆ ಹರಿದಾಡಿ ಡಬ್ಬಿಗೆ ಬಡಿಯಿತು. ಕೈ ಚಾಚುವಷ್ಟರಲ್ಲಿ ಅದು ಬಾವಿಯ ಪಾಲಾಯಿತು. ಒಳಗೆ ನತ್ತಿತ್ತೆಂದು ಅತ್ತೆಯವರಿಗೆ ನಾನೇ ಹೇಳಿದೆ.

ಕೊಡ ಬಿದ್ದರೆ ಪಾತಾಳಗರಡಿ ಇಳಿಬಿಟ್ಟು, ಅದರ ಕೊಕ್ಕೆಗೆ ಸಿಕ್ಕಿಸಿ ಎತ್ತಬಹುದು. ಚಪ್ಪಟೆ ಡಬ್ಬಿ ಯಾವ ಕೊಕ್ಕೆಗೂ ಸಿಗುವುದಿಲ್ಲ. ಮನುಷ್ಯನೇ ಇಳಿಯಬೇಕು. ಅಂಥ ಮನುಷ್ಯ ಹಾನಗಲ್ಲಿನಲ್ಲಿ ಒಬ್ಬನಿದ್ದ. ಅವನ ಅಪ್ಪ, ಅಜ್ಜ ಎಲ್ಲರೂ ಬಾವಿ ಇಳಿಯುವವರೇ. ಊರೆಲ್ಲ ಅವನನ್ನು ಬಾವ್ಯಾವ ಎಂದೇ ಕರೆಯುತ್ತಿತ್ತು. ನಾಲ್ವತ್ತರ ಆಸುಪಾಸಿನ ಒಣಕಲು ಮೈ, ಮುಂಗೈ ಮಾತ್ರ ಹುರಿ ಹೊಸೆದಂತೆ. ಹೆಗಲ ಮೇಲೆ ಹಗ್ಗದ ಸಿಂಬಿ ಹೊತ್ತು ಬಂದ.

“ಹಗ್ಗ ಟೊಂಕಕ್ಕ ಸುತಗೊಂಡು ಇಳೀತೇನ್ರಿ ದೊಡ್ಡ ಬಾಯಾರ. ಮ್ಯಾಲೆ ಮಾಸ್ತರು ಒಂದು ತುದಿ ಹಿಡದ್ರ ಸಾಕು,” ಎಂದ ಅತ್ತೆಯವರಿಗೆ.

ಅತ್ತೆಯವರು ಹಗ್ಗವನ್ನೇ ನೋಡಿದರು. “ನಿನ್ನೆ ಎಲ್ಲಿ ಬಿಟ್ಟಿದ್ದಿ ಇದನ್ನ?”

“ಕಪಿಲಿ ಬಾವ್ಯಾಗ್ರಿ, ತ್ವಾಟದಾಗ.”

“ತೊಗಲಿನ ಚೀಲಾ ಕಟ್ಟಿದ ಹಗ್ಗ! ಇದನ್ನ ನಮ್ಮ ಬಾವ್ಯಾಗ ಬಿಟ್ರ ಸಂಜಿಗೆ ದೇವರಿಗೆ ಯಾವ ನೀರು ಇಡ್ಲಿ?”

“ಹಗ್ಗದ ತೊಗಲಿಗೆ ಅಂಜತೀರಿ, ನನ್ನ ತೊಗಲು ನಡಿತೈತೇನ್ರಿ?”

“ನೀ ಸ್ನಾನಾ ಮಾಡಿ ಇಳೀತಿ. ಹಗ್ಗ ಸ್ನಾನಾ ಮಾಡ್ತದೇನು?”

“ಬಾವ್ಯಾಗ ಬಿಟ್ರ ಅದೂ ಮಾಡ್ತೈತ್ರಿ.”

ನನಗೆ ನಗು ಬಂತು, ನಮ್ಮವರಿಗೂ ಬಂತು. ಅತ್ತೆಯವರಿಗೆ ಬರಲಿಲ್ಲ. ಮನೆಯ ಹಗ್ಗ ಕೊಡಕ್ಕೆ ಸಾಕು, ಗಂಡಸಿಗೆ ಸಾಲದು. ನಮ್ಮವರು ಅದನ್ನು ಎಳೆದು ನೋಡಿ ಸುಮ್ಮನೆ ಕೆಳಗಿಟ್ಟರು. ಬಾವ್ಯಾವ ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡು, ಒದ್ದೆ ಪಂಚೆಯ ಕಚ್ಚೆ ಬಿಗಿದು, ಬರಿಗೈಯಲ್ಲಿ ಇಳಿದ.

ಅರ್ಧ ಬಾವಿಯ ತನಕ ಹೊರಗೆ ಚಾಚಿದ ಮೆಟ್ಟುಗಲ್ಲುಗಳಿದ್ದವು. ಅದರ ಕೆಳಗೆ ಬರೀ ದುಂಡಗಿನ ಗೋಡೆ. ಕಲ್ಲಿಗೂ ಕಲ್ಲಿಗೂ ನಡುವೆ ಬೆರಳ ತುದಿ ಹಿಡಿಸುವಷ್ಟು ಸಂದು, ಮೇಲೆ ಪಾಚಿ. ನಾನು ಬಗ್ಗಿ ನೋಡುತ್ತಿದ್ದೆ. ನಾಲ್ಕು ಬೆರಳ ತುದಿ ಕಲ್ಲಿನ ಅಂಚಿಗೆ ಊರುವನು, ನಡುಗಂಟು ಗೋಪುರದಂತೆ ಮೇಲೇಳುವುದು, ಹೆಬ್ಬೆಟ್ಟು ತೋರುಬೆರಳ ಮೇಲೆ ಒತ್ತಿ ಬೀಗ ಹಾಕಿದಂತೆ ಕೂಡುವುದು. ಮತ್ತೆ ಇನ್ನೊಂದು ಕೈ. ಎಂಥ ಚೆಂದದ ಕೈ ಎಂದು ಅಂದುಕೊಂಡದ್ದು ನೆನಪಿದೆ. ತಳದಲ್ಲಿ ಎದೆಮಟ್ಟ ನೀರು. ಎರಡು ಸಲ ಮುಳುಗಿದ.

“ಸಿಕ್ತ್ರೀ!” ಎಂದು ಕೂಗಿದ. ಬಾವಿಯೆಲ್ಲ ಅದೇ ಮಾತು ತಿರುಗಿತು.

ಬಿಸಿಲಿಗೆ ಕಣ್ಣು ಕತ್ತಲೆಗಟ್ಟಿತೆಂದು ನಾನು ಕಟ್ಟೆ ಬಿಟ್ಟು ಸರಿದು ನಿಂತೆ. ಅವನು ಮೇಲೆ ಬರುವ ಸಪ್ಪಳ, ನೀರು ತೊಟ್ಟಿಕ್ಕುವ ಸಪ್ಪಳ. ಆಮೇಲೆ ಅದು.

ಟಪ್.

ಹಿಂದೆಯೇ ಪಾಚಿಯೋ ಕಲ್ಲೋ ನೀರಿಗೆ ಬಿದ್ದದ್ದು ಕೇಳಿತು. ಆಮೇಲೆ ಏನೂ ಇಲ್ಲ. ಅತ್ತೆಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ಕೇಳಿದ್ಯಾ?”

“ಹೂಂ.”

“ಡಬ್ಬಿ ತೆಗದ.”

ನಾನು ಮತ್ತೊಮ್ಮೆ ಹೂಂ ಅಂದೆ. ನಾನೂ ಹೂಂ ಅಂದೆ ಎಂಬುದನ್ನು ನೆನಪಿಡಿ.

ಅವನು ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಕಟ್ಟೆ ಹತ್ತಿದಾಗ ಮುಖ ಬಿಳಿಚಿತ್ತು. ಬಲಗೈಯಿಂದ ಡಬ್ಬಿ ಕೊಟ್ಟ. ಎಡಗೈ ಮುಷ್ಟಿ ಕಟ್ಟಿ ಎದೆಗೆ ಒತ್ತಿ ಹಿಡಿದಿದ್ದ. ಅತ್ತೆಯವರು ಮುಚ್ಚಳ ತೆಗೆದರು. ಒಳಗೆ ಒಂದು ಗುಟುಕು ನೀರಿತ್ತು, ನತ್ತು ಇರಲಿಲ್ಲ.

“ನತ್ತು ಎಲ್ಲಿ?”

“ಯಾವ ನತ್ತ್ರಿ?”

“ಅದರಾಗ ಇತ್ತಲ್ಲ, ಅದು.”

“ನಾ ಡಬ್ಬಿ ಅಷ್ಟ ತಂದೇನ್ರಿ. ತಗದು ನೋಡಿಲ್ಲ.”

“ಮುಷ್ಟ್ಯಾಗೇನದ?”

“ಏನಿಲ್ರಿ.”

“ಏನಿಲ್ಲಂದ್ರ ಬಿಚ್ಚು.”

ಅವನು ಬಿಚ್ಚಲಿಲ್ಲ. ಬಾಗಿಲಲ್ಲಿ ಆಗಲೇ ನೆರೆಮನೆಯವರು ಇಬ್ಬರು ಮೂವರು ಬಂದು ನಿಂತಿದ್ದರು. ನಮ್ಮವರು ಅವನ ಮಣಿಕಟ್ಟು ಹಿಡಿದರು. ಅವನು ಹಲ್ಲು ಕಚ್ಚಿ ಒಂದೊಂದೇ ಬೆರಳು ಬಿಚ್ಚಿದ. ಅಂಗೈ ಖಾಲಿ. ಅಷ್ಟಕ್ಕೇ ಬಿಡಲಿಲ್ಲ. ಕಚ್ಚೆ ಬಿಚ್ಚಿಸಿದರು, ಪಂಚೆ ಜಾಡಿಸಿದರು, ಬಾಯಿ ತೆಗೆಸಿ ನೋಡಿದರು. ನಾನು ಹಿಂದೆ ತಿರುಗಿ ನಿಂತೆ, ಆದರೆ ಒಳಗೆ ಹೋಗಲಿಲ್ಲ. ಏನಾದರೂ ಸಿಕ್ಕೀತೇನೋ ಎಂದು ಕಿವಿ ಅಲ್ಲೇ ಇತ್ತು.

ಏನೂ ಸಿಗಲಿಲ್ಲ. ಆಗ ನಾನು ಅವನ ಬೆರಳು ನೋಡಿದೆ. ಎಡಗೈಯ ಉಂಗುರ ಬೆರಳು, ಬುಡದಲ್ಲಿ, ಅಂಗೈ ಕಡೆಗೆ ಬಾತಿತ್ತು.

“ಇಲ್ಲಿ ನನ್ನ ಬೆರಳಿಗೆ ಕೊಕ್ಕಿ ಹಾಕಿ ಎಳಿ,” ಅಂದೆ.

ಎಳೆದ. ಚರ್ಮದ ಕೆಳಗೆ ಒಂದು ಹುರಿ ಎದ್ದು ನಿಂತಿತು, ಬಿಲ್ಲಿಗೆ ಹೆದೆ ಕಟ್ಟಿದಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆರಳನ್ನು ಮಡಚುವ ಬಲ ಬೆರಳಿನಲ್ಲಿಲ್ಲ, ಮುಂಗೈಯಲ್ಲಿದೆ. ಅಲ್ಲಿಂದ ಹೊರಟ ಹುರಿ, ಅಂದರೆ ಟೆಂಡನ್, ಅಂಗೈ ದಾಟಿ ಬೆರಳ ತುದಿಗೆ ಹೋಗುತ್ತದೆ. ದಾರಿಯಲ್ಲಿ ಅದು ಎಲುಬು ಬಿಟ್ಟು ಮೇಲೇಳದಂತೆ ಅಲ್ಲಲ್ಲಿ ಗಟ್ಟಿ ಪಟ್ಟಿಗಳು ಹಿಡಿದಿರುತ್ತವೆ. ಇವಕ್ಕೆ ಪುಲ್ಲಿ ಎಂದು ಹೆಸರು. ಬಾವಿಯ ಗಡಗಡೆಯ ಹಾಗೆ ತಿರುಗುವಂಥವಲ್ಲ. ಲಂಗದ ಲಾಡಿ ಓಡುವ ಮಡಿಕೆ ಇರುತ್ತದಲ್ಲ, ಹಾಗೆ. ಕಲ್ಲಿನ ಅಂಚನ್ನು ತುದಿಬೆರಳಲ್ಲಿ ಹಿಡಿದು ನಡುಗಂಟನ್ನು ಎತ್ತರಕ್ಕೆ ಮಡಚಿದಾಗ ಹುರಿ ಎಲುಬಿನ ಸಂಗ ಬಿಟ್ಟು ನೆಟ್ಟಗೆ ಹಾಯಲು ನೋಡುತ್ತದೆ. ಅದನ್ನು ತಡೆಯುವುದು ಮುಖ್ಯವಾಗಿ ಬುಡದ ಪಟ್ಟಿ. ತುದಿಯ ಮೇಲೆ ಬಿದ್ದ ಭಾರಕ್ಕಿಂತ ಆ ಪಟ್ಟಿಯ ಮೇಲೆ ಬೀಳುವ ಭಾರ ಎಷ್ಟೋ ಹೆಚ್ಚು. ಕಾಲು ಊರಿರುವ ತನಕ ಸಾಗುತ್ತದೆ. ಕಾಲು ಜಾರಿ, ಇಡೀ ಮೈ ಒಮ್ಮೆಲೇ ಎರಡು ಬೆರಳಿಗೆ ಜೋತುಬಿದ್ದರೆ ಪಟ್ಟಿ ಹರಿಯುತ್ತದೆ. ಹರಿಯುವಾಗ ಸಪ್ಪಳ ಮಾಡುತ್ತದೆ.

ಕೊನೆಯ ಮಾತು ಮಾತ್ರ ಆಗ ನನಗೆ ಗೊತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಪುಲ್ಲಿ ಹೋಗುವುದೆಂದರೆ ಚಾಕು, ಯಂತ್ರ, ಆಪರೇಶನ್. ಗಾಯವೇ ಇಲ್ಲದೆ, ಬರೀ ಕಲ್ಲು ಹಿಡಿದು, ಒಳಗಿನ ಪಟ್ಟಿ ಹರಿಯುತ್ತದೆಂದು ಯಾವ ಪುಟವೂ ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ಟ್ರಂಕಿನ ತಳ ಕೆದಕಿ ಹುಡುಕಿದೆ. ಪುಸ್ತಕದಲ್ಲಿಲ್ಲದ್ದು ಇರಲಿಕ್ಕಿಲ್ಲ ಎಂದು ತೀರ್ಮಾನಿಸಿದೆ. ಹಳೆಯ ಏಟಿರಬೇಕು. ಅದನ್ನೇ ನೆವ ಮಾಡಿ ಮುಷ್ಟಿ ಕಟ್ಟಿರಬೇಕು. ಕೆಳಗೆ ನೀರಿನಲ್ಲೇ ನತ್ತು ಎಲ್ಲಾದರೂ ಸಂದಿಗೆ ತುರುಕಿಟ್ಟು, ಮುಂದೆ ಯಾವಾಗಲಾದರೂ ತೆಗೆದುಕೊಂಡು ಹೋಗುವ ಯೋಚನೆ ಇರಬೇಕು. ಅನುಮಾನಕ್ಕೆ ಕಾನ್ವೆಂಟ್ ಬುದ್ಧಿ ಸಿಕ್ಕರೆ ಬಲು ಲಾಜಿಕಲ್ ಆಗಿ ಓಡುತ್ತದೆ.

ಅವನು ಹೊರಡುವಾಗ, “ನಿಲ್ಲು, ಬುಡಕ್ಕ ಒಂದು ಪಟ್ಟಿ ಬಿಗದು ಕಟ್ತೇನಿ, ಹುರಿ ಕೆಳಗ ಕೂಡ್ತದ,” ಅಂದೆ.

“ಬ್ಯಾಡ್ರಿ ಸಣ್ಣ ಬಾಯಾರ. ಕಟ್ಟೋ ನೆವದಾಗ ಮತ್ತೊಮ್ಮೆ ಹುಡಕತೀರಿ.”

ಹಾಗೆಂದು ಹಗ್ಗದ ಸಿಂಬಿಯನ್ನು ಬಲ ಹೆಗಲಿಗೆ ಹಾಕಿಕೊಂಡು ಹೋದ.

ಸುದ್ದಿ ಕಟ್ಟೆಯಿಂದ ಕಟ್ಟೆಗೆ ಹೋಯಿತು. ಯಾರ ಮನೆಯ ಬಾವಿಗೂ ಅವನಿಗೆ ಕರೆ ಬರಲಿಲ್ಲ. ಕರೆದಿದ್ದರೂ ಇಳಿಯಲು ಆಗುತ್ತಿರಲಿಲ್ಲ; ಅದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಬಾವಿಯ ನೀರು ಇನ್ನೂ ಇಳಿದಾಗ ಬೇರೆ ಇಬ್ಬರನ್ನು ಇಳಿಸಿ ಸಂದುಗೊಂದು ತಡಕಿಸಿದರು. ಅವರಿಗೆ ಮಡಿಯ ಹೊಸ ಹಗ್ಗವನ್ನೇ ತರಿಸಿದ್ದರು. ನತ್ತು ಸಿಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ಬಾವ್ಯಾವ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

“ನೋಡಿದ್ಯಾ? ನತ್ತು ಮಾರಿ ಸವಣೂರಾಗ ಎಲಿತೋಟಾ ಹಿಡದಾನಂತ,” ಅಂದರು ಅತ್ತೆಯವರು.

ನಾನು ದಿನಾ ಮುಂಜಾನೆ ಆ ಡಬ್ಬಿಯ ಸಪ್ಪಳ ಕೇಳುತ್ತಿದ್ದೆ. ಕೇಳಿದಷ್ಟೂ ಅನುಮಾನ ಬೇರೆ ಕಡೆ ಹೊರಳತೊಡಗಿತು. ಡಬ್ಬಿಯ ಟಪ್‌ನಲ್ಲಿ ಬೆಳ್ಳಿಯ ಒಂದು ಸಣ್ಣ ನಾದವಿತ್ತು. ಬಾವಿಯಿಂದ ಬಂದದ್ದು ಹಸಿ ಜೋಳದ ದಂಟು ಮುರಿದಂತಿತ್ತು. ನಮ್ಮವರಿಗೆ ಹೇಳಿದೆ.

“ಬಾವ್ಯಾಗ ಎಲ್ಲಾ ಸಪ್ಪಳಾನೂ ಬ್ಯಾರೆ ಕೇಳಸ್ತಾವ,” ಅಂದರು. ಆಮೇಲೆ ದನಿ ತಗ್ಗಿಸಿ, “ಅವ್ವನ ಮುಂದ ತಗೀಬ್ಯಾಡ. ಬೆರಳು ಹರೀತು ಅಂದ್ರ, ಹಗ್ಗ ಯಾಕ ಬ್ಯಾಡಂದ್ರಿ ಅಂತ ಬರ್ತದ.”

ಡಬ್ಬಿಯ ಮೇಲೆ ಎರಡು, ಕೆಳಗೆ ಎರಡು ಸಣ್ಣ ತಗ್ಗುಗಳಿದ್ದವು. ಹುಣಸೆಹಣ್ಣು ತಿಕ್ಕುವಾಗ ಬೆರಳಿಗೆ ಹತ್ತುತ್ತಿದ್ದವು. ಬಾವಿಯ ಕಲ್ಲು ಬಡಿದು ಆದದ್ದು ಎಂದರು ಅತ್ತೆಯವರು. ಮೇಲೂ ಕೆಳಗೂ ಎದುರುಬದುರಾಗಿ ಕಲ್ಲು ಹೇಗೆ ಬಡಿದೀತು ಎಂದು ನಾನು ಕೇಳಲಿಲ್ಲ.

ಆಮೇಲೆ ನಮ್ಮವರಿಗೆ ಶಿಗ್ಗಾಂವಿಗೆ ವರ್ಗವಾಯಿತು. ಘಟನೆ ನಡೆದು ನಾಲ್ಕು ವರ್ಷದ ಮೇಲೆ, ನಾದಿನಿಯ ಮಗನ ಮುಂಜಿಗೆ ವೀಳ್ಯದೆಲೆ ತರಲು ನಾನು ಬಸ್ಸಿನಲ್ಲಿ ಸವಣೂರಿಗೆ ಹೋದೆ. ಎಲೆ ಪೇಟೆಯಲ್ಲೇ ಸಿಗುತ್ತಿತ್ತು. ಆದರೂ ನಾನು ತೋಟಗಳ ಕಡೆ ನಡೆದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ, ತಾಜಾ ಎಲೆಗೆ ಅನ್ನುತ್ತಿದ್ದೆ.

ಒಂದು ತೋಟದ ಚಪ್ಪರದ ಕೆಳಗೆ ನಾಲ್ಕಾರು ಮಂದಿ ಕೂತು ಎಲೆ ಜೋಡಿಸುತ್ತಿದ್ದರು. ಮುಖಕ್ಕಿಂತ ಮೊದಲು ನನಗೆ ಬೆರಳು ಗುರುತು ಸಿಕ್ಕಿತು. ಮೂರು ಬೆರಳು ಮತ್ತು ಹೆಬ್ಬೆಟ್ಟು ಎಲೆಯ ಮೇಲೆ ಓಡುತ್ತಿದ್ದವು. ಉಂಗುರ ಬೆರಳು ಮುನಿಸಿಕೊಂಡವನ ಹಾಗೆ ದೂರ ನಿಂತಿತ್ತು. ಅವನು ತಲೆ ಎತ್ತಿದ.

“ಹಾನಗಲ್ಲ ಸಣ್ಣ ಬಾಯಾರಲ್ರಿ? ಎಲಿಗೆ ಬಂದೀರೋ, ನತ್ತಿಗೆ ಬಂದೀರೋ?”

“ಎಲಿಗೇ ಬಂದೀನಪಾ.”

“ಎಲಿ ಪ್ಯಾಟ್ಯಾಗ ರಾಶಿ ಬಿದ್ದಾವ್ರಿ,” ಅಂದಳು ಬಾಜೂಕಿನಲ್ಲಿ ಕೂತ ಹೆಂಗಸು. ಅವನ ಹೆಂಡತಿ. ಕೈಕೆಲಸ ನಿಲ್ಲಿಸದೆ, ಮುಖ ನೋಡದೆ ಅಂದಳು.

“ತೋಟಾ ನಿಮ್ಮದೇನು?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ನಮ್ಮದಿದ್ದಿದ್ರ ಮ್ಯಾಲೆ ಕುಂತು ಬೀಡಿ ಸೇದ್ತಿದ್ನಿ. ಕೂಲಿಯಾಂವ ಅದೀನ್ರಿ. ಏಣಿ ಹತ್ತಿ ಎಲಿ ಕೊಯ್ಯೋದು ಆಗೂದಿಲ್ಲ, ಕೆಳಗ ಕುಂತು ಕಟ್ಟು ಕಟ್ಟತೇನಿ.”

“ಕೈ ತೋರಸ್ತೀಯೇನು?”

ಅವನು ಎರಡೂ ಕೈ ಮುಂದೆ ಚಾಚಿ ಹಿಂದೆ ಮುಂದೆ ತಿರುಗಿಸಿದ. “ನೋಡ್ರಿ. ಎರಡೂ ಬದಿ ನೋಡ್ರಿ. ಪಂಚಿ ಜಾಡಸಲೇನ್ರಿ?”

ಉಳಿದವರು ನಕ್ಕರು. ನಾನು ನಗದೆ ಅವನ ಎಡಗೈ ಹಿಡಿದೆ. ನನ್ನ ಬೆರಳಿಗೆ ಕೊಕ್ಕೆ ಹಾಕಿಸಿ ಎಳೆಸಿದೆ. ಅದೇ ಹೆದೆ, ನಾಲ್ಕು ವರ್ಷಕ್ಕೆ ಇನ್ನೂ ಬಿಗಿದು ನಿಂತಿತ್ತು. ಅವತ್ತೇ ಒಂದು ಪಟ್ಟಿ ಬಿಗಿದು ಕಟ್ಟಿ ಒಂದೆರಡು ತಿಂಗಳು ಕಾದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲವೇನೋ.

“ಇದು ನಮ್ಮ ಬಾವ್ಯಾಗ ಆದದ್ದೇನು?”

“ಮತ್ತೆಲ್ಲಿ ಆಗಬೇಕ್ರಿ? ಪಾಚಿ ಮ್ಯಾಲೆ ಕಾಲು ಜಾರ್ತು. ಟಪ್ ಅಂತು. ಜೀವಾ ಹ್ವಾದಂಗಾತು.”

“ಹಂಗಾದ್ರ ಯಾಕ ಒದರಲಿಲ್ಲ? ಒದರಿದ್ರ ಗೊತ್ತಾಗತಿತ್ತಲ್ಲ.”

“ಬಾಯಾಗ ಡಬ್ಬಿ ಇತ್ತಲ್ರಿ.”

ಹೆಂಡತಿಯ ಕೈ ನಿಂತಿತು. “ಏ, ಹೇಳಬ್ಯಾಡ ಅಂದಿಲ್ಲೇನು ನಿನಗ?”

“ಇರ್ಲಿ ಬಿಡ. ಬಾವಿ ಬಿಟ್ಟ ಮ್ಯಾಲೆ ಯಾರ ಅಂಜಿಕಿ?” ಎಂದು ನನ್ನ ಕಡೆ ತಿರುಗಿದ. “ಟೊಂಕದಾಗ ಸಿಗಸಿದ್ದೆ. ತೊಯ್ದ ಪಂಚಿ, ಜಾರಾಕ ಹತ್ತಿತ್ತು. ಎರಡೂ ಕೈ ಕಲ್ಲಿಗೆ. ಹಲ್ಲಾಗ ಕಚ್ಚಿಕೊಂಡೆ. ಮೆಟ್ಟುಗಲ್ಲು ಸಿಕ್ಕ ಮ್ಯಾಲೆ ಕೈಯಾಗ ತಗೊಂಡೆ. ಏನಂತ ಹೇಳ್ಲಿ ದೊಡ್ಡ ಬಾಯಾರಿಗೆ? ನಿಮ್ಮ ದೇವರ ಕುಂಕುಮದ ಡಬ್ಬಿ ಎಂಜಲಾಗೈತಿ ಅಂತ ಹೇಳ್ಲ್ಯಾ? ಅದಕ್ಕಿಂತಾ ಕಳ್ಳ ಅನಿಸ್ಕೊಳ್ಳೋದು ಹಗುರ ಅನಿಸ್ತರಿ ಆ ಗಳಿಗ್ಯಾಗ.”

“ಮುಷ್ಟಿ ಯಾಕ ಬಿಚ್ಚಲಿಲ್ಲ?”

“ಬೆರಳು ಹೋತು ಅಂತ ಊರಿಗೆ ಗೊತ್ತಾದ್ರ ಬಾವಿ ಕೆಲಸಾನೂ ಹೋತು. ಎರಡು ದಿನದಾಗ ನೆಟ್ಟಗಾಗತೈತಿ ಅನಕೊಂಡಿದ್ದೆ.”

ಮೇಲೆ ಎರಡು ತಗ್ಗು, ಕೆಳಗೆ ಎರಡು ತಗ್ಗು. ಎಷ್ಟು ಸಲ ನಾನು ಅವನ್ನು ಹುಣಸೆಹಣ್ಣಿನಿಂದ ತಿಕ್ಕಿದ್ದೆ! ಹಲ್ಲು ಕಚ್ಚಿ ಹಿಡಿದ ಮುಚ್ಚಳ ತೆರೆಯುವುದಾದರೂ ಹೇಗೆ? ನಾವು ಕೇಳಿದ್ದು ಬೆರಳು ಹರಿದದ್ದನ್ನು. ಕೇಳಿ, ಒಬ್ಬರ ಮುಖ ಒಬ್ಬರು ನೋಡಿ, ಒಂದೇ ಮಾತಿನಲ್ಲಿ ಅವನನ್ನು ಕಳ್ಳನನ್ನಾಗಿ ಮಾಡಿದ್ದೆವು.

ಇಷ್ಟು ತಿಳಿದ ಮೇಲೂ ನನ್ನ ಕಣ್ಣು ಏನು ಮಾಡಿತೆಂದು ಬರೆಯಬೇಕು. ಅದು ಅವನ ಹೆಂಡತಿಯ ಮೂಗಿಗೆ ಹೋಯಿತು. ತಾನಾಗಿಯೇ ಹೋಯಿತು.

ಅವಳು ಅದನ್ನು ನೋಡಿದಳು. ಸೆರಗು ಸರಿಸಿ, ಮೂಗಿನ ಎಡಮಗ್ಗುಲನ್ನು ನನ್ನ ಕಡೆಗೆ ತಿರುಗಿಸಿದಳು.

“ಕಡ್ಡಿ ಐತ್ರಿ ಬಾಯಾರ. ಬೇವಿನ ಕಡ್ಡಿ. ತೂತು ಮುಚ್ಚಬಾರದಂತ ಹಾಕ್ಕೊಂಡೇನಿ. ತಗದು ತೋರಸಲೇನು?”

ನಾನು ತಲೆ ತಗ್ಗಿಸಿದೆ.

“ಇಲ್ಲಿ ತಲಿ ಬಗ್ಗಿಸಿದ್ರ ನಮಗೇನ್ ಬಂತ್ರಿ?” ಅಂದಳು. “ಮೊನ್ನೆ ನಮ್ಮ ಹುಡಿಗೀನ್ನ ನೋಡಿ ಒಪ್ಪಿಕೊಂಡು ಹ್ವಾದವರು ಹಾನಗಲ್ಲಾಗ ಇಳಿದು ವಿಚಾರ ಮಾಡಿದ್ರು. ನತ್ತಿನ ಕಳ್ಳನ ಮಗಳು ನಮಗ ಬ್ಯಾಡ ಅಂತ ಹೇಳಿ ಕಳಿಸಿದ್ರು. ಬಗ್ಗಿಸಿದ್ದು ಸಾಕ್ರಿ. ಹಾನಗಲ್ಲಾಗ ತಲಿ ಎತ್ತಿ ಹೇಳ್ರಿ.”

ಎಲೆ ಕೊಳ್ಳುವುದನ್ನು ಮರೆತು ಬಸ್ ಸ್ಟ್ಯಾಂಡಿಗೆ ಬಂದೆ. ಪೇಟೆಯಲ್ಲಿ ಸಿಕ್ಕ ಎಲೆಯನ್ನೇ ಒಯ್ದೆ.

ಚೈತ್ರಗೌರಿಯ ಅರಿಶಿನ-ಕುಂಕುಮಕ್ಕೆ ಹಾನಗಲ್ಲಿಗೆ ಹೋದೆವು. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಪಾನಕ, ಕೋಸಂಬರಿ, ಉಡಿಗೆ ನೆನೆಸಿದ ಕಡಲೆ. ಅತ್ತೆಯವರು ಗೌರಿಗೆ ಕುಂಕುಮ ಏರಿಸಿ, ಅದೇ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು, ಎಲ್ಲರಿಗೂ ಹಚ್ಚು ಎಂದು. ಐದಾರು ಹಣೆಗೆ ಹಚ್ಚಿದೆ. ಆಮೇಲೆ ಮುಚ್ಚಳ ಹಾಕಿದೆ. ಟಪ್ ಅಂದಿತು.

“ಈ ಸಪ್ಪಳಾ ಕೇಳಿದ್ರಲ್ಲ?” ಅಂದೆ. “ಅವತ್ತು ಬಾವ್ಯಾಗ ಕೇಳಿದ್ದು ಇದಲ್ಲ. ಬಾವ್ಯಾವನ ಬೆರಳಿನೊಳಗಿನ ಪಟ್ಟಿ ಹರಿದದ್ದು. ಹಗ್ಗ ಬ್ಯಾಡ ಅಂದಿದ್ವಿ, ಕಾಲು ಜಾರಿ ಕೈಮ್ಯಾಲೆ ಜೋತುಬಿದ್ದ. ನಾನು ಅದನ್ನ ಓದಿದಾಕಿ. ಅವನ ಬೆರಳು ನೋಡೀನಿ. ಆ ಹೊತ್ತಿನ್ಯಾಗ ಡಬ್ಬಿ ಅವನ ಕೈಯಾಗಿರಲಿಲ್ಲ.”

“ಮತ್ತೆಲ್ಲಿತ್ತು?” ಅಂದರು ಅತ್ತೆಯವರು.

“ಹಲ್ಲಾಗಿತ್ತು, ಅತ್ತ್ಯಾರ. ಇಲ್ಲಿ ನೋಡ್ರಿ ಗುರುತು. ಮ್ಯಾಲೆ ಎರಡು, ಕೆಳಗ ಎರಡು.”

ಕುಂಕುಮ ಹಚ್ಚಿಸಿಕೊಂಡ ಐದಾರು ಮಂದಿಯ ಕೈ ಹಣೆಯ ತನಕ ಹೋಗಿ, ಒರೆಸಬೇಕೋ ಬಿಡಬೇಕೋ ತಿಳಿಯದೆ ಅಲ್ಲೇ ನಿಂತಿತು. ಅತ್ತೆಯವರು ಡಬ್ಬಿ ಇಸಿದುಕೊಳ್ಳಲಿಲ್ಲ. ನನ್ನ ಅಂಗೈಯ ಮೇಲೇ ಇರಗೊಟ್ಟು, ಬಗ್ಗಿ ಆ ತಗ್ಗುಗಳನ್ನು ಬಹಳ ಹೊತ್ತು ನೋಡಿದರು. ಗೌರಿಯ ಹಣೆ ನೋಡಿದರು. ನಾಲ್ಕು ವರ್ಷದ ಪೂಜೆಯನ್ನೆಲ್ಲ ಅವರು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

“ಅವಾ ಕದ್ದಿಲ್ಲ ಅಂತೀ,” ಅಂದರು ಕೊನೆಗೆ.

“ಇಲ್ಲ.”

“ಹಲ್ಲಿನ ಗುರುತು ಖರೆ ಅವ,” ಎಂದರು ತಮಗೇ ಎಂಬಂತೆ. ಆಮೇಲೆ ಸೊಂಟ ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ, “ಅವಾ ಕದ್ದಿಲ್ಲ,” ಅಂದರು. ಅತ್ತೆಯವರ ಬಗ್ಗೆ ನನಗೆ ಏನೇ ಇರಲಿ, ಇದೊಂದನ್ನು ನಾನು ಮರೆಯಲಾರೆ.

ಹಾಗೆಂದು ನನ್ನ ಕಡೆ ತಿರುಗಿದರು.

“ಹಂಗಾದ್ರ ನತ್ತು ಎಲ್ಲಿ?”

ಎಲ್ಲರೂ ನನ್ನನ್ನು ನೋಡಿದರು. ಡಬ್ಬಿಯೊಳಗೆ ನತ್ತು ಹಾಕಿದ್ದನ್ನು ನೋಡಿದವಳು ನಾನೊಬ್ಬಳೇ. ನತ್ತು ಕಂಡರೆ ಮೂಗು ಮುರಿಯುವವಳು ನಾನೇ. ತವರು ಬೆಳಗಾವಿ, ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ಮೂಲೆಯಲ್ಲಿ ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ ಏನೋ ಅಂದಳು.

“ಡಬ್ಬಿಯೊಳಗ ಹಾಕಿದ್ದೆ,” ಅಂದೆ.

“ಯಾರು ನೋಡ್ಯಾರ?” ಅಂದರು ಅತ್ತೆಯವರು.

ಯಾರೂ ನೋಡಿರಲಿಲ್ಲ. ಅವತ್ತಿನಿಂದ ಹಾನಗಲ್ಲಿನ ಆ ಓಣಿಯಲ್ಲಿ ನತ್ತಿನ ಕಳ್ಳಿ ನಾನು. ಎದುರಿಗೆ ಯಾರೂ ಅನ್ನಲಿಲ್ಲ. ನಾನು ಹೋದಾಗ ಒಡವೆಯ ಪೆಟ್ಟಿಗೆಯ ಕೀಲಿ ಅತ್ತೆಯವರ ಸೊಂಟದಿಂದ ಸೆರಗಿನ ಗಂಟಿಗೆ ಹೋಗುತ್ತಿತ್ತು, ಅಷ್ಟೇ. ನಮ್ಮವರು ಸಹ ಒಮ್ಮೆ, ನಗುತ್ತಲೇ, “ಖರೇ ಹೇಳು, ತವರಿಗೆ ಕೊಟ್ಟೀಯೇನು?” ಎಂದರು. ನಗುತ್ತಲೇ ಅಂದರು. ಆದರೂ ಉತ್ತರಕ್ಕೆ ಕಾದರು.

ಎಂಬತ್ತರ ದಶಕದ ಆರಂಭದಲ್ಲಿ ನಾವು ಹಿರೇಕೆರೂರಿಗೆ ಬಂದೆವು. ಅತ್ತೆಯವರು ಆ ಬೆಳ್ಳಿ ಡಬ್ಬಿಯನ್ನು ಒಂದು ಹಳೇ ಚಿಂದಿಯಲ್ಲಿ ಸುತ್ತಿ ಕೊಟ್ಟು ಕಳಿಸಿದರು. “ನಿನಗ ನಡೀತದ, ನೀ ಕಾನ್ವೆಂಟಿನ್ಯಾಕಿ,” ಎಂದು. ನನಗೆ ನಡೆಯಿತು. ಮಾಸೂರಿನ ಕಡೆಯಿಂದ ಕಳೆ ತೆಗೆಯುವ ಹೆಂಗಸರು ಕೈನೋವೆಂದು ನನ್ನ ಹತ್ತಿರ ಬರುತ್ತಿದ್ದರು. ಅವರ ಬೆರಳಿಗೆ ಕಟ್ಟುವ ಪಟ್ಟಿಯ ಪಿನ್ನುಗಳನ್ನು ಅದರಲ್ಲಿ ಇಡುತ್ತಿದ್ದೆ. ಮೊದಲು ಬೆರಳು ಹಿಡಿದು ನೋಡುತ್ತಿದ್ದೆ, ಪುಸ್ತಕವನ್ನು ಆಮೇಲೆ.

ಅಲ್ಲಿದ್ದಾಗ ಒಂದು ದಿನ ಬಸ್ಸಿನ ಕಂಡಕ್ಟರ್ ಒಂದು ಕಟ್ಟು ಸವಣೂರ ಎಲೆ ತಂದುಕೊಟ್ಟ. ಮೇಲೆ ಎರಡು ಅಡಿಕೆ, ಚೀಟಿಯಲ್ಲಿ ಅರಿಶಿನದ ಅಕ್ಕಿಕಾಳು. ಮದುವೆಯ ಕರೆ. ಬಾವ್ಯಾವನ ಮಗಳಿಗೆ ಗಂಡಿನ ಮನೆ ಸಿಕ್ಕಿತ್ತು. ನಾನು ಹೋಗಲಿಲ್ಲ. ಹೋದರೆ ಮತ್ತೆ ನನ್ನ ಕಣ್ಣು ಎಲ್ಲಿ ಹೋದೀತೋ ಎಂಬ ಅಂಜಿಕೆ. ಹೋಗಬೇಕಿತ್ತು ಎಂದು ಈಗ ಅನಿಸುತ್ತದೆ.

ಇದನ್ನೆಲ್ಲ ಹೋದ ವಾರ ತಮ್ಮನ ಮೊಮ್ಮಗಳಿಗೆ ಹೇಳಿದೆ. ಡಬ್ಬಿ ತಂದು ತೋರಿಸಿದೆ. ಅವಳು ತಗ್ಗುಗಳ ಮೇಲೆ ಬೆರಳಾಡಿಸಿದಳು, ಮುಚ್ಚಳ ತೆಗೆದು ಹಾಕಿ ಮಾಡಿದಳು, ತನ್ನ ಬೆರಳಿನ ಪಟ್ಟಿ ನೋಡಿಕೊಂಡಳು.

“ಅಯ್ಯ, ಹಗ್ಗ ಇಲ್ದ ಇಳಿದಿದ್ನೇನು? ನಮಗ ಹಾರ್ನೆಸ್ ಇಲ್ದ ಗೋಡಿ ಮುಟ್ಟಗೊಡೂದಿಲ್ಲ ಅಜ್ಜಿ,” ಅಂದಳು. ಆಮೇಲೆ ನನ್ನ ಹತ್ತಿರ ಸರಿದು, “ಈಗರ ಖರೇ ಹೇಳು. ನತ್ತು ನೀನ ಇಟಗೊಂಡೀಯಲ್ಲ?”

ನಾನು ಎರಡೂ ಮುಷ್ಟಿ ಬಿಚ್ಚಿ ಅವಳ ಮುಂದೆ ಹಿಡಿದೆ. ಮುಂಜಾನೆಯ ಹೊತ್ತು ನನ್ನ ಬೆರಳುಗಳು ಬಿಗಿದಿರುತ್ತವೆ, ವಯಸ್ಸಾಯಿತಲ್ಲ. ಎಡಗೈಯ ಉಂಗುರ ಬೆರಳು ಪೂರ್ತಿ ಬಿಚ್ಚಲಿಲ್ಲ. ಹುಡುಗಿ ಅದನ್ನೇ ನೋಡುತ್ತಿದ್ದಳು.